ಗೂಡಿನಲ್ಲಿಟ್ಟ ಚಾಳೀಸು

ಜೋಳದ ರಾಶಿ ಮುಗಿದು ಬಿಸಿಲು ಆಗಷ್ಟೇ ಚುರುಗುಟ್ಟತೊಡಗಿದ್ದ ದಿನಗಳು. ಮಧ್ಯಾಹ್ನ ಮೂರರ ಹೊತ್ತು, ನಮ್ಮೂರಿಗೆ ಕರೆಂಟು ಬರುವ ವೇಳೆ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯ ಗೋಡೆಗೂಡಿನಲ್ಲಿ ನನ್ನ ಕನ್ನಡಕ, ನಮ್ಮ ಮಾತಿನ ಚಾಳೀಸು, ಕಾಲು ಮಡಚಿಕೊಂಡು ಕೂತಿತ್ತು. ಅದರ ಗಾಜಿನ ಮೇಲೆ ಹಿಟ್ಟಿನ ದೂಳು ಸಣ್ಣಗೆ ಇಳಿಯುತ್ತಿತ್ತು. ಚಾಳೀಸಿಲ್ಲದ ನನ್ನ ಕಣ್ಣಿಗೆ ಅದು ಗೋಡೆಗೆ ಕೂತ ಕರಿ ನೊಣದಂತೆ ಕಾಣುತ್ತಿತ್ತು. ನಾನು ನೆಲದ ಮೇಲೆ ಬಿದ್ದಿದ್ದೆ.

ಗಿರಣಿ ಬರಿದೇ ಓಡುತ್ತಿತ್ತು. ಕಾಳು ಬಿದ್ದಾಗಿನ ಸದ್ದು ಬೇರೆ, ಬರಿದೇ ಓಡುವಾಗಿನ ಸದ್ದು ಬೇರೆ. ಓಣಿಯವರಿಗೆಲ್ಲ ಆ ವ್ಯತ್ಯಾಸ ತಿಳಿಯುತ್ತಿತ್ತೆಂದು ನನಗೆ ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ನನ್ನ ಗಂಡ ಗುರುಲಿಂಗಪ್ಪ ಓಣಿಗೆಲ್ಲ ಒಳ್ಳೆಯವನು. ಮುದುಕಿಯರ ಹಿಟ್ಟಿನ ಡಬ್ಬಿಯನ್ನು ತಾನೇ ಹೊತ್ತು ಮನೆ ಮುಟ್ಟಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ಹೊಡೆದಾಗ ಚಾಳೀಸು ಒಡೆದು ಗಾಜಿನ ಚೂರು ನನ್ನ ಹುಬ್ಬಿಗೆ ನೆಟ್ಟಿತು. ಎಂಟು ದಿನ ಗಿರಣಿಯ ಕೆಲಸ ನಿಂತಿತು. ಅಲ್ಲಿಂದ ಮುಂದೆ ಅವನು ಒಂದು ಕ್ರಮ ಇಟ್ಟುಕೊಂಡ. ನಡುಬಾಗಿಲು ಮುಚ್ಚುವನು. ಬಾಗಿಲ ಮಗ್ಗುಲಲ್ಲಿ, ಕೋಣೆಯ ಕಡೆಗೇ ಇದ್ದ ಗಿರಣಿಯ ಸ್ವಿಚ್ಚು ಹಾಕುವನು. ಆಮೇಲೆ, “ಡಬ್ಬಿ ಇಳಿಸು” ಎನ್ನುವ ದನಿಯಲ್ಲೇ, “ಚಾಳೀಸ ತಗದಿಡು” ಎನ್ನುವನು.

ಆ ಮಾತು ಮತ್ತು ಮೊದಲ ಪೆಟ್ಟಿನ ನಡುವೆ ಒಂದಿಷ್ಟು ವೇಳೆ ಸಿಗುತ್ತಿತ್ತು. ಆ ವೇಳೆಯಲ್ಲಿ ನಾನು ಮಗಳು ಶಕ್ಕುವನ್ನು ಹಿತ್ತಲಿಗೆ ಕಳಿಸುತ್ತಿದ್ದೆ. ಅತ್ತೆ ನನ್ನ ಕೈಯಿಂದ ಚಾಳೀಸು ಇಸಿದುಕೊಂಡು ಗೂಡಿನಲ್ಲಿಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಒರೆಸಿ ತಾನೇ ನನ್ನ ಮೂಗಿನ ಮೇಲೆ ಏರಿಸುತ್ತಿದ್ದಳು. ಹೊಡೆಯುವಾಗ ನನಗೆ ಅವನ ಮುಖ ಕಾಣುತ್ತಿರಲಿಲ್ಲ. ಮಸುಕು ಮಸುಕಾದೊಂದು ಬಿಳಿ ಆಕಾರ ಬಂದು ಬಂದು ಬಡಿಯುತ್ತಿತ್ತು. ಸಿಟ್ಟು ನೆತ್ತಿಗೇರಿ ಅವನಿಗೆ ತಾನು ಮಾಡುವುದು ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಹಾಗೆಂದುಕೊಂಡೇ ಒಂಬತ್ತು ವರ್ಷ ಬಾಳುವೆ ಮಾಡಿದೆ.

ಆ ದಿನದ ತಪ್ಪು ನನ್ನದೇ. ನಮ್ಮ ಗಿರಣಿಗೆ ಇದ್ದದ್ದು ಒಂದೇ ಕಲ್ಲು. ಮೆಣಸಿನಕಾಯಿ ಬೀಸಿದ ಮೇಲೆ ಒಂದೆರಡು ಸೇರು ಜೋಳ ಹಾಕಿ ಕಲ್ಲು ತೊಳೆಯಬೇಕು. ಅಂಗೈಯಲ್ಲಿ ಹಿಟ್ಟು ಹಿಡಿದು, ಕೆಂಪು ಪೂರಾ ಹೋಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ನಾಲ್ಕು ವರ್ಷ ಏರುತ್ತಲೇ ಹೋದ ನನ್ನ ಚಾಳೀಸಿನ ನಂಬರು ಹೋದ ವರ್ಷವಷ್ಟೇ ನಿಂತಿತ್ತು, ಆದರೂ ಹಿಟ್ಟಿನ ದೂಳು ಕೂತ ಗಾಜಿನಲ್ಲಿ ಎಲ್ಲ ಮಸುಕು. ನನ್ನ ಕಣ್ಣಿಗೆ ಬಿಳುಪಾಗಿ ಕಂಡ ಕಲ್ಲಿಗೆ ಹೂಗಾರರ ಮಲ್ಲವ್ವನ ಅಕ್ಕಿ ಸುರಿದೆ. ಮೊಮ್ಮಗುವಿನ ಗಂಜಿಗೆಂದು ತಂದದ್ದು. ಕೂಸಿನ ಬಾಯಿ ಕೆಂಪಗೆ ಬಾತುಹೋಯಿತು. ಮಲ್ಲವ್ವ ಬಂದು ಆ ಹಿಟ್ಟನ್ನು ನನ್ನ ಗಂಡನ ಮುಖಕ್ಕೇ ಎರಚಿದಳು. ಅವನು ಮುಖ ಒರೆಸಿಕೊಂಡು, ಕೈಮುಗಿದು, ಬೇರೆ ಅಕ್ಕಿ ಬೀಸಿ ಕೊಟ್ಟು ಕಳಿಸಿದ. ಆಮೇಲೆ ನಡುಬಾಗಿಲು ಮುಚ್ಚಿದ.

ಲೇಸರಿನ ಮಾತು ತೆಗೆದವನೂ ಅವನೇ. “ಕಣ್ಣಿನ ದವಾಖಾನಿಗೆ ಹೋಗಿ ಬಾ. ಲೇಸರ್ ಹಾಕಿದ್ರ ಚಾಳೀಸಾನ ಬ್ಯಾಡಂತ. ಹಿಂಗಾದ್ರ ಒಬ್ರೂ ನಮ್ಮ ಗಿರಣಿಗೆ ಬರಂಗಿಲ್ಲ.”

ಅತ್ತೆಯನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಕತ್ತಲ ಕೋಣೆಯಲ್ಲಿ ಕೂಡಿಸಿ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದಳು, ಚಾಳೀಸಿನ ಹಳೆಯ ಚೀಟಿಯನ್ನೂ ನೋಡಿದಳು. “ಒಂದು ವರ್ಷದಿಂದ ನಂಬರು ನಿಂತಾವ. ಮಾಡಬಹುದು” ಎಂದಳು. ಆಮೇಲೆ ದೀಪ ಹಾಕಿ ನನ್ನ ಕೆನ್ನೆ ನೋಡಿದಳು.

“ಇದೇನವ್ವಾ?”

“ಗಿರಣಿ ಬೆಲ್ಟ್ ಬಡೀತ್ರಿ.” ಓಣಿಯಲ್ಲಿ ಕೇಳಿದವರಿಗೂ ಇದನ್ನೇ ಹೇಳುತ್ತಿದ್ದೆ.

“ಬೆಲ್ಟಿಗೆ ಐದು ಬೆರಳ ಇರ್ತಾವೇನು?”

ನಾನು ಸೆರಗನ್ನು ಕೆನ್ನೆಗೆ ಎಳೆದುಕೊಂಡೆ. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನೋಡು, ಕಣ್ಣಿನ ಮ್ಯಾಲಿನ ಪದರ ಎತ್ತಿ ಲೇಸರ್ ಹಾಕಿ ಮತ್ತ ಮುಚ್ತೀವಿ. ಆಮ್ಯಾಲೆ ಅಲ್ಲಿ ಪೆಟ್ಟು ಬಿದ್ರ ಪದರ ಜರಗತೈತಿ. ಕಣ್ಣು ಹೋದ್ರೂ ಹೋತು. ಆ ಬೆಲ್ಟ್ ಮತ್ತ ಬಡಿಯೋದಿಲ್ಲ ಅಂತ ಖಾತ್ರಿ ಐತಿ?”

ಯೋಚಿಸಲು ಎಂಟು ದಿನದ ಗಡುವು ಕೇಳಿಕೊಂಡು ಬಂದೆ. ಅಂಗೈಯಲ್ಲಿ ಹಿಟ್ಟು ಹಿಡಿದಾಗಲೆಲ್ಲ ಅದೇ ಯೋಚನೆ. ಚಾಳೀಸಿದ್ದರೆ ದಿನದಿನಕ್ಕೆ ಕತ್ತಲು, ಆದರೆ ಹೊಡೆತಕ್ಕೊಂದು ಮುನ್ಸೂಚನೆ. ಚಾಳೀಸು ಹೋದರೆ ಬೆಳಕು. ಪೆಟ್ಟು ಮಾತ್ರ ಯಾವಾಗ ಬರುವುದೋ ತಿಳಿಯದು, ಬಿದ್ದರೆ ಕಣ್ಣೇ ಹೋದೀತು.

ಅತ್ತೆಯನ್ನು ಕೇಳಿದೆ. “ಅತ್ತಿ, ಚಾಳೀಸಾನ ಇಲ್ಲಂದ್ರ ಅವರು ಏನ್ ತಗಿ ಅಂತಾರ?”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಮಾವ ಹೇಳಿ ಹೊಡೀತಿರಲಿಲ್ಲ. ನಿನ್ನ ಗಂಡ ಹೇಳ್ಯಾರ ಹೊಡೀತಾನ. ನೀನ ಪುಣ್ಯಾವಂತಿ.” ಚೇಷ್ಟೆಗೆ ಅಂದಳೋ ನಿಜಕ್ಕೆ ಅಂದಳೋ ನನಗೆ ಇಂದಿಗೂ ತಿಳಿದಿಲ್ಲ.

ಒಂಬತ್ತನೆಯ ದಿನ ಹಿತ್ತಲಲ್ಲಿ ಶಕ್ಕು ಒಬ್ಬಳೇ ಆಡುತ್ತಿದ್ದಳು. ಅರಿವೆಯ ಗೊಂಬೆಯ ಮುಖಕ್ಕೆ ತಂತಿ ಬಾಗಿಸಿ ಚಾಳೀಸು ಮಾಡಿದ್ದಳು. ಅದನ್ನು ಹುಷಾರಾಗಿ ಬಿಚ್ಚಿ ಕಲ್ಲಿನ ಮೇಲಿಟ್ಟಳು. ಬಾಯಿಂದ ಗಿರಣಿಯ ಸದ್ದು ಹೊರಡಿಸಿದಳು. ಆಮೇಲೆ ಗೊಂಬೆಯ ಕಾಲು ಹಿಡಿದು ತಲೆಯನ್ನು ಬಾವಿಕಟ್ಟೆಗೆ ಅಪ್ಪಳಿಸತೊಡಗಿದಳು. ಹತ್ತಿ ಹೊರಬಂದರೂ ನಿಲ್ಲಿಸಲಿಲ್ಲ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ತೆಗೆದಿಡುವ ಚಾಳೀಸೇ ಇರಬಾರದೆನಿಸಿ, ಮರುದಿನ ಬೆಳಿಗ್ಗೆ ಲೇಸರ್ ಮಾಡಿಸಿಕೊಳ್ಳುತ್ತೇನೆಂದು ದವಾಖಾನೆಗೆ ಹೇಳಿ ಬಂದೆ.

ಲೇಸರ್ ಹಾಕುವಾಗ ಒಂದು ಕೆಂಪು ಚುಕ್ಕೆ ಕಂಡಿತು, ಕೂದಲು ಸುಟ್ಟ ವಾಸನೆ ಬಂತು, ಅಷ್ಟೇ. ಮರುದಿನ ಬೇವಿನ ಮರದಲ್ಲಿ ಒಂದೊಂದೇ ಎಲೆ ಕಂಡು ಅತ್ತುಬಿಟ್ಟೆ, ಅಳಬಾರದೆಂದು ಹೇಳಿದ್ದರು. ಹನ್ನೆರಡು ದಿನ ಅವನು ಮುಟ್ಟಲಿಲ್ಲ.

ಹದಿಮೂರನೆಯ ದಿನ ಸೋಮವಾರ. ಡಬ್ಬಿಗಳು ಸಾಲಾಗಿ ಕೂತಿದ್ದವು. ಮೆಣಸಿನಕಾಯಿ ಬೀಸಿದ ಕಲ್ಲಿಗೆ ಒಂದು ಹಿಡಿ ಜೋಳವಷ್ಟೇ ಹಾಕಿ, ಅವನು ಅವಸರದಲ್ಲಿ ಮಲ್ಲವ್ವನ ಗೋಧಿ ಎತ್ತಿದ.

“ತಡೀರಿ, ಕಲ್ಲು ಇನ್ನೂ ಕೆಂಪೈತಿ” ಎಂದೆ.

ಹೆಂಗಸರು ನಕ್ಕರು. “ಗುರುಲಿಂಗಣ್ಣ, ಇನ್ನ ನಿನ್ನ ಆಟ ನಡಿಯಂಗಿಲ್ಲ ಬಿಡು. ಹೆಣ್ತಿಗ ಹದ್ದಿನ ಕಣ್ಣು ಬಂದಾವ!” ಎಂದಳು ಮಲ್ಲವ್ವ.

ಅವನೂ ನಕ್ಕ. ಗೋಧಿ ಕೆಳಗಿಟ್ಟು ಗಿರಣಿಯನ್ನು ಓಡಲು ಬಿಟ್ಟ. ಒಳಗೆ ಕರೆದು ನಡುಬಾಗಿಲು ಮುಚ್ಚಿದ. “ಚಾಳೀಸ…” ಎಂದವನು ಅಲ್ಲಿಗೇ ತಡೆದ. ತೆಗೆದಿಡಲು ಏನೂ ಇರಲಿಲ್ಲ. ಮೊದಲ ಪೆಟ್ಟು ಎಡಗಣ್ಣಿಗೇ ಬಿತ್ತು. ಗೋಡೆಗೆ ತಲೆ ಬಡಿದು ಬಾಯಲ್ಲಿ ರಕ್ತ ಬಂತು.

ಬಲಗಣ್ಣಿನಿಂದ ನಾನು ಮೊದಲ ಸಲ, ಹೊಡೆಯುತ್ತಿರುವ ಅವನನ್ನು ನೋಡಿದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿರಲಿಲ್ಲ. ಕಲ್ಲನ್ನು ಬಿಗಿ ಮಾಡುವಾಗ ಎಲ್ಲಿ ಎಷ್ಟು ತಿರುಗಿಸಬೇಕೆಂದು ನೋಡುವಂತೆ, ಮುಂದಿನದು ಎಲ್ಲಿ ಬೀಳಬೇಕೆಂದು ನನ್ನ ಮೈಯನ್ನು ನೋಡುತ್ತಿದ್ದ. ನಡುವೆ ಒಮ್ಮೆ ಬಾಗಿಲ ಕಡೆ ಕಿವಿಗೊಟ್ಟು, ಗಿರಣಿ ಓಡುತ್ತಿದೆಯಲ್ಲ ಎಂದು ಖಾತ್ರಿ ಮಾಡಿಕೊಂಡ. ಅವನಿಗೆ ಎಲ್ಲ ತಿಳಿದಿತ್ತು. ಒಂಬತ್ತು ವರ್ಷವೂ ತಿಳಿದೇ ಇತ್ತು.

ಎರಡನೆಯದು ಪಕ್ಕೆಲುಬಿಗೆ. ಮೂರನೆಯದಕ್ಕೆ ಕೈ ಎತ್ತಿದಾಗ ಅವನ ತೋಳಿನ ಕೆಳಗೆ ಸ್ವಿಚ್ಚು ಕಂಡಿತು. ಅದರ ಕೆಂಪು ಹಿಡಿಕೆ, ಹಿಡಿಕೆಯ ಮೇಲಿನ ಅವನ ಬೆರಳಿನ ಹಿಟ್ಟು, ಎಲ್ಲ ಕಂಡಿತು. ತೆವಳಿ ಹೋಗಿ ಕೆಳಗೆ ಎಳೆದೆ.

ಬೆಲ್ಟು ಪಟಪಟ ಬಡಿಯುತ್ತ ನಿಧಾನವಾಗಿ, ನಿಂತಿತು. ಎತ್ತಿದ ಕೈಯನ್ನು ಅವನಿಗೆ ತಡೆಯಲಾಗಲಿಲ್ಲ. ಆ ಪೆಟ್ಟಿನ ಸದ್ದು ಖಾಲಿ ಗಿರಣಿಯಲ್ಲಿ ಹಾಯ್ದು ಓಣಿಗೆ ಹೋಯಿತು.

“ಹಚ್ಚು” ಎಂದು ಪಿಸುಗುಟ್ಟಿದ. “ಏ, ಗಿರಣಿ ಹಚ್ಚು.”

ನಾನು ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ನೇತುಬಿದ್ದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಣಿಸಿದ, ಕಿರುಬೆರಳು ಮುರಿಯಿತು. ಆಗ ನಾನು ಕೂಗಿದೆ. ಹಿಂದೆಯೂ ಕೂಗಿದ್ದೆ, ಕೇಳಿಸಿದ್ದು ಅಂದೇ. ಮಲ್ಲವ್ವ ಭುಜ ಕೊಟ್ಟು ಬಾಗಿಲು ದೂಡಿದಳು. ಹಿಂದೆ ನಾಲ್ಕೈದು ಹೆಂಗಸರು.

“ಏನವ್ವಾ ಅದು ಸಪ್ಪಳ?”

“ಬೆಲ್ಟಲ್ಲ ಮಲ್ಲವ್ವಾಯಿ” ಎಂದೆ. “ಬೆಲ್ಟ್ ಎಂದೂ ಆಗಿರಲಿಲ್ಲ.”

ಅಂದು ರಾತ್ರಿ ನನ್ನನ್ನೂ ಶಕ್ಕುವನ್ನೂ ಮಲ್ಲವ್ವ ತನ್ನ ಮನೆಯಲ್ಲಿಟ್ಟುಕೊಂಡಳು. ಡಾಕ್ಟರಮ್ಮ ಪದರವನ್ನು ಮತ್ತೆ ಕೂಡಿಸಿದಳು. ಆದರೂ ಎಡಗಣ್ಣಿಗೆ ಇಂದಿಗೂ ದೀಪದ ಸುತ್ತ ಒಂದು ಬಳೆ ಕಾಣುತ್ತದೆ.

ಮರುದಿನ ಅರಿವೆ ತರಲು ಮನೆಗೆ ಹೋದಾಗ ಅವನು ಹೊರಗೆಲ್ಲೋ ಹೋಗಿದ್ದ. ಅತ್ತೆ ಗಂಟು ಕಟ್ಟಿ ಇಟ್ಟಿದ್ದಳು. “ಇವತ್ತ ಮಂಗಳವಾರ. ಹೆಣ್ಮಕ್ಕಳನ್ನ ಮನಿಯಿಂದ ಕಳಸಬಾರದು” ಎಂದಳು. ಆಮೇಲೆ ಗಂಟನ್ನು ನನ್ನ ಕಂಕುಳಿಗೆ ಒತ್ತಿದಳು. “ಹೋಗು. ಬುಧವಾರಕ್ಕ ನನಗ ಧೈರ್ಯ ಇರಂಗಿಲ್ಲ.”

“ನೀವೂ ಬರ್ರಿ ಅತ್ತಿ.”

ಅವಳು ಗೂಡಿನ ಹತ್ತಿರ ಹೋದಳು. ನನ್ನ ಹಳೆಯ ಚಾಳೀಸು ಅಲ್ಲೇ ಇತ್ತು. ರೂಢಿಯಂತೆ ಸೆರಗಿನಿಂದ ಒರೆಸಿದಳು. ಯಾರ ಮುಖಕ್ಕೆ ಏರಿಸಬೇಕೆಂದು ತಿಳಿಯದೆ, ಮತ್ತೆ ಅಲ್ಲೇ ಇಟ್ಟಳು.

ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಎರಡೂ ಬಾಗಿಲು ತೆರೆದಿದ್ದವು. ಅಷ್ಟು ದೂರದಿಂದಲೂ ಗೂಡು ಕಂಡಿತು, ಅದರೊಳಗೆ ಕಾಲು ಮಡಚಿಕೊಂಡು ಕೂತ ಚಾಳೀಸು ಕಂಡಿತು. ಕರೆಂಟು ಇನ್ನೂ ಬಂದಿರಲಿಲ್ಲ. ಶಕ್ಕು ಬೆರಳು ಮುರಿಯದ ನನ್ನ ಕೈ ಹಿಡಿದಿದ್ದಳು. ಅತ್ತೆ ಹೊಸ್ತಿಲಲ್ಲೇ ಉಳಿದಳು. ನಾವಿಬ್ಬರು ಹೋದದ್ದು ಮಂಗಳವಾರ.