ಎದುರುಬೆಂಕಿ

ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಮಷೀನಿನ ಮೇಲುಗಡೆ ಹೊಸ ಫೋಟೋ ಬಂದಿತ್ತು. ಬೆಟ್ಟದ ನೆತ್ತಿಯಲ್ಲಿ ಉರಿಯುತ್ತಿರುವ ಹುಲ್ಲಿನ ಉದ್ದನೆಯ ಸಾಲು, ಅದನ್ನು ಹಸಿ ಸೊಪ್ಪಿನ ಕೊಂಬೆಯಿಂದ ಬಡಿಯುತ್ತಿರುವ ದರ್ಜಿ. ರಜೆ ಸಿಕ್ಕರೆ ಗೆಳೆಯರ ಜೊತೆ ಚಾರಣಕ್ಕೆ ಹೊರಡುವ ಈ ಮಹಾಶಯ ಬೆಂಕಿ ಆರಿಸಿದ ಕಥೆಯನ್ನು ಅಳತೆ ಕೊಡಲು ಬಂದವರೆಲ್ಲ ಕೇಳಲೇಬೇಕಿತ್ತು. ಎರಡೂ ಕೈ ಮೇಲೆತ್ತಿ ನಿಂತವರು ಓಡುವುದಾದರೂ ಎಲ್ಲಿಗೆ!

ದರ್ಜಿ ಮತ್ತು ಗೆಳೆಯರು ಬೆಟ್ಟ ಇಳಿದ ಮೇಲೆ ಬೇರೆ ಕಡೆಯಿಂದ ಬಂದ ದೊಡ್ಡ ಬೆಂಕಿ ಆ ಕಾಡನ್ನು ನುಂಗಿತ್ತು, ನಿಜ. ಅದಕ್ಕೆ ತಾನೇನು ಮಾಡಲಾದೀತು ಎಂದು ಕಥೆಯ ಕೊನೆಗೆ ನಿಟ್ಟುಸಿರು ಬಿಡುತ್ತಿದ್ದ.

ಅವತ್ತು ಮಧ್ಯಾಹ್ನ ಹೆಂಡತಿಯ ತಮ್ಮ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದ. ಅವನು ಅದೇ ಕಾಡಿನ ಕಾವಲುಗಾರ. ಹಿಂದೆ ಉಳಿದಿದ್ದ ಇನ್ನೊಂದು ಚಾರಣಿಗರ ಗುಂಪನ್ನು ಹೊಗೆಯೊಳಗಿಂದ ಎಳೆದು ತರುವಾಗ ಎರಡೂ ಕೈ ಸುಟ್ಟಿತ್ತು. ಈಗ ಕೆಲಸಕ್ಕೂ ಕುತ್ತು ಬಂದಿತ್ತು. ಕೆಳಗಿನಿಂದ ಕಾಡ್ಗಿಚ್ಚು ಏರಿ ಬರುವ ಮೊದಲೇ ನೆತ್ತಿಯ ಹುಲ್ಲನ್ನು ತಾವೇ ಸುಟ್ಟುಬಿಟ್ಟರೆ, ತಿನ್ನಲು ಏನೂ ಸಿಗದೆ ಅದು ಅಲ್ಲೇ ಸಾಯುತ್ತದೆ. ಆ ಎದುರುಬೆಂಕಿ ಹಚ್ಚುವ ಕೆಲಸ ಇವನದು. ಹಚ್ಚಿಯೇ ಮುಂದಿನ ಗುಡ್ಡಕ್ಕೆ ಹೋದೆ ಅಂತ ಇವನು, ಹಚ್ಚಿದ್ದರೆ ಕಿಚ್ಚು ನೆತ್ತಿ ದಾಟುತ್ತಿತ್ತೇ ಅಂತ ಅರಣ್ಯ ಇಲಾಖೆಯ ಸಾಹೇಬರು.

ಹೇಳುತ್ತ ಹೇಳುತ್ತ ಅವನು ತಲೆಯೆತ್ತಿ ಫೋಟೋ ನೋಡಿದ. ಎದ್ದು ಹತ್ತಿರ ಹೋಗಿ ಆ ಉರಿಯುವ ಸಾಲನ್ನೇ ದಿಟ್ಟಿಸಿದ.

ದರ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಂಕಿ ತಾನಾಗಿ ಇಷ್ಟು ನೇರವಾಗಿ ಹೊತ್ತುತ್ತದೆಯೇ ಎಂಬ ಸಂಶಯ ಅವತ್ತೇ ಬಂದಿತ್ತು. ದಿನವೂ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವವನ ಕಣ್ಣು ಅದು. ಆದರೆ ಗೆಳೆಯರು ಆಗಲೇ ಮೊಬೈಲ್ ಹಿಡಿದು ನಿಂತಿದ್ದರು.

ದರ್ಜಿ ಸ್ಟೂಲ್ ಹತ್ತಿ ಫೋಟೋ ಕಳಚತೊಡಗಿದ. ಇದನ್ನು ಎಲ್ಲಾದರೂ ಬಚ್ಚಿಡಬೇಕು, ಹೆಂಡತಿಗೆ ಗೊತ್ತಾಗಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಇಂಥ ಹೊತ್ತಿನಲ್ಲೂ ಅದೇ ಯೋಚನೆ ಬಂತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

"ಹುಷಾರು ಭಾವ, ಒಡೆದುಗಿಡೆದು ಹೋದೀತು," ಭಾಮೈದ ಮೆಲ್ಲಗೆ ಅಂದ. "ನಾನು ಹಚ್ಚಿದ್ದೆ ಅನ್ನೋದಕ್ಕೆ ಅದೊಂದೇ ಸಾಕ್ಷಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಭಾಮೈದ ಕೈ ಚಾಚಿದ, ಆದರೆ ಬ್ಯಾಂಡೇಜಿನ ಕೈಗೆ ಚೌಕಟ್ಟು ಹಿಡಿಯಲಾಗಲಿಲ್ಲ.

"ನಾನೇ ತರ್ತೀನಿ," ಅಂದ ದರ್ಜಿ. "ಏನಾಯ್ತು ಅಂತ ನಾನೇ ಹೇಳ್ಬೇಕು."

ಅಂಗಡಿಯ ಬಾಗಿಲೆಳೆದು ಇಬ್ಬರೂ ಸಾಹೇಬರ ಕಚೇರಿಗೆ ಹೊರಟರು. ಕಂಕುಳಲ್ಲಿದ್ದ ಫೋಟೋ ಕಂಡು ಗಿರಾಕಿಯೊಬ್ಬ, ಎಲ್ಲೋ ಸನ್ಮಾನ ಇಟ್ಟುಕೊಂಡಿದ್ದಾರಾ ಎಂದು ನಗುತ್ತ ಕೇಳಿದ. ದರ್ಜಿ ಫೋಟೋವನ್ನು ಒಳಮುಖ ಮಾಡಿ ಹಿಡಿದುಕೊಂಡ. ತಲೆ ತಗ್ಗಿಸಿಕೊಂಡು ಭಾಮೈದನ ಹಿಂದೆ ನಡೆದ.