ಷಡಕ್ಷರಪ್ಪನ ಟೈರಿಗೆ ಕೊಬ್ಬರಿ ಎಣ್ಣೆ

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಕಣಕಟ್ಟೆ ಊರಿನ ಕಣಗಳಲ್ಲಿ ರಾಗಿ ಒಕ್ಕಣೆ ಜೋರಾಗಿತ್ತು. ಷಡಕ್ಷರಪ್ಪನ ಕಣದಲ್ಲಿ ಆಳು ಹೊನ್ನಯ್ಯ ಮಂಜು ಕರಗುವ ಮುಂಚೆಯೇ ಎತ್ತು ಕಟ್ಟಿ ತೆನೆಯ ಮೇಲೆ ರೋಣಗಲ್ಲು ಉರುಳಿಸುತ್ತಿದ್ದ. ಷಡಕ್ಷರಪ್ಪ ಮಾತ್ರ ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಾರಿನ ಟೈರಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ.

ಕೊಬ್ಬರಿಗೆ ಒಳ್ಳೆ ಧಾರಣೆ ಬಂದ ವರ್ಷ ಕೊಂಡ ಬಿಳಿ ಮಾರುತಿ ಅದು. ಅರಸೀಕೆರೆಯಿಂದ ಮನೆಗೆ ಬಂದದ್ದೇ ಅದರ ದೊಡ್ಡ ಪ್ರಯಾಣ. ಓಡಿಸಿದರೆ ಟೈರು ಸವೆಯುತ್ತದೆಂದು, ಆಗಾಗ ಎಂಜಿನ್ ಚಾಲೂ ಮಾಡಿದ್ದು ಬಿಟ್ಟರೆ, ಎರಡು ವರ್ಷದಿಂದ ನಿಲ್ಲಿಸಿಯೇ ಇಟ್ಟಿದ್ದ. ನಿಂತಲ್ಲೇ ಟೈರಿನ ಕಪ್ಪು ಕಂದು ಬಣ್ಣಕ್ಕೆ ತಿರುಗಿತು; ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಒಡೆದ ಹಿಮ್ಮಡಿಗೆ ಮನೆಯಲ್ಲಿ ಏನು ಹಚ್ಚುತ್ತಾರೋ ಅದನ್ನೇ ಅವನೂ ಹಚ್ಚತೊಡಗಿದ. ಟೈರು ಒಂದು ಗಳಿಗೆ ಮಿಂಚುತ್ತಿತ್ತು. ಆಮೇಲೆ ಕಣದ ಧೂಳನ್ನೆಲ್ಲ ಮೆತ್ತಿಕೊಂಡು ಮೊದಲಿಗಿಂತ ಕಂದಾಗುತ್ತಿತ್ತು.

ಅವನ ಹೆಂಡತಿ ಗುರುಸಿದ್ದಮ್ಮ ರೇಷ್ಮೆ ಸೀರೆಯುಟ್ಟು, ಮಡಿಲಕ್ಕಿ ಗಂಟು ಹಿಡಿದು ಹೊರಗೆ ಬಂದಳು. ಹುಲಿಕೆರೆಯಲ್ಲಿ ಅಂದು ಅವಳ ಅಕ್ಕನ ಮಗಳ ಸೀಮಂತ. ಗುರುಸಿದ್ದಮ್ಮನ ಬಾಣಂತನ ಮಾಡಿದವಳು ಆ ಅಕ್ಕ. ಅದಕ್ಕೆ ಪ್ರತಿಯಾಗಿ, ಅಕ್ಕನ ಮಗಳಿಗೆ ಮೊದಲ ಬಳೆ ತಾನೇ ತೊಡಿಸುತ್ತೇನೆಂದು ಮಾತು ಕೊಟ್ಟಿದ್ದಳು. ಕಾರಿದೆಯೆಂಬ ಧೈರ್ಯದಲ್ಲಿ ಬೆಳಗಿನ ಬಸ್ಸು ಬಿಟ್ಟಿದ್ದಳು.

“ಇವತ್ತು ಬಿಸಿಲು ಜಾಸ್ತಿ ಕಣೇ. ಟೈರು ತಡೆಯಲ್ಲ.”

“ಇನ್ನೂ ಮಂಜೇ ಬಿಟ್ಟಿಲ್ಲ. ಹನ್ನೆರಡರೊಳಗೆ ಬಳೆ ಶಾಸ್ತ್ರ. ಏಳ್ರಿ!”

ಅಷ್ಟರಲ್ಲಿ ಅರಸೀಕೆರೆಯ ಪಂಕ್ಚರ್ ಅಂಗಡಿಯ ಲಕ್ಕಪ್ಪ ಮೊಪೆಡ್ಡಿನಲ್ಲಿ ಬಂದ. ಟೈರು ನೋಡಿ ಹೋಗೆಂದು ಷಡಕ್ಷರಪ್ಪನೇ ಹೇಳಿ ಕಳಿಸಿದ್ದ. ಲಕ್ಕಪ್ಪ ಟೈರಿಗೆ ಬೆರಳಾಡಿಸಿ ಮೂಸಿ ನೋಡಿದ.

“ಏನ್ ಯಜಮಾನ್ರೆ, ಸಾಸಿವೆ ಹಾಕೋದೊಂದು ಉಳ್ಕಂಡೈತೆ.”

“ಹೊಳಪು ಬರಲಿ ಅಂತ...”

“ಎಣ್ಣೆ ರಬ್ಬರ್‌ನ ತಿನ್ನುತ್ತೆ ಕಣ್ರೀ. ಬೇಕಾದ ಮೇಣ ಟೈರಿನೊಳಗೇ ಇರ್ತದೆ. ಉರುಳಿದ್ರೆ ಅದು ಮೇಲಕ್ಕೆ ಬಂದು ಕಾಯ್ತದೆ, ನಿಂತೇ ಇದ್ರೆ ಬಿರಿಯುತ್ತೆ. ಸೋಪ್‌ನೀರಲ್ಲಿ ತೊಳೀರಿ, ನೆರಳಲ್ಲಿ ನಿಲ್ಸಿ. ಬಿರುಕು ಇನ್ನೂ ಮೇಲ್ಮೇಲೇ ಐತೆ. ವಾರಕ್ಕೆ ಐವತ್ತು ಕಿಲೋಮೀಟರ್‌ನಾದ್ರೂ ಓಡಿಸಿ.”

ಲಕ್ಕಪ್ಪ ಗಾಳಿ ತುಂಬಿ ಮುಗಿಸುವಷ್ಟರಲ್ಲಿ ಗುರುಸಿದ್ದಮ್ಮ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಷಡಕ್ಷರಪ್ಪ ಬಹಳ ಹೊತ್ತು ಯೋಚಿಸಿ ಕಾರು ಹತ್ತಿದ. “ಹೊನ್ನಯ್ಯ, ಎತ್ತು ಬಿಚ್ಚಿ ಆಚೆ ಕಟ್ಟೋ,” ಎಂದವನೇ ಕಾರನ್ನು ಕಣಕ್ಕೆ ಇಳಿಸಿ, ಹರಡಿದ ರಾಗಿ ತೆನೆಯ ಮೇಲೆ ಸುತ್ತು ಹಾಕತೊಡಗಿದ.

“ರೀ, ಹುಲಿಕೆರೆ ಈ ಕಡೆಯಾ?”

“ಹುಲ್ಲಿನ ಮೇಲೆ ಉರುಳಿದ್ರೂ ಉರುಳಿದ್ದೇ ತಾನೆ? ಕಲ್ಲಿಲ್ಲ, ಟಾರಿನ ಕಾವಿಲ್ಲ. ರಾಗೀನೂ ಉದುರ್ತದೆ.”

ಎಣ್ಣೆಯ ಟೈರಿಗೆ ಹೊಟ್ಟು, ಹುಲ್ಲು, ತೆನೆ ಎಲ್ಲ ಅಂಟಿಕೊಂಡು ನಾಲ್ಕು ಚಕ್ರಕ್ಕೂ ಕರಡಿಯಂತೆ ಕೂದಲು ಬಂತು.

“ಅಮ್ಮಾವ್ರೆ, ಜಾವಗಲ್ ದಾಟಿದ್ರಾ?” ಹೊನ್ನಯ್ಯ ಕೂಗಿದ.

ಗುರುಸಿದ್ದಮ್ಮ ಮುಂದೆ ಬಾಗಿ ಮೀಟರಿನ ಅಂಕಿಯನ್ನೇ ನೋಡುತ್ತಿದ್ದಳು. ಅದು ಒಂದು ಕಿಲೋಮೀಟರ್ ಮುಂದಕ್ಕೆ ತಿರುಗಿದಾಗ ಕೇಳಿದಳು:

“ಎಷ್ಟು ಸುತ್ತಾಯ್ತೋ ಹೊನ್ನಯ್ಯ?”

“ಹದಿನೇಳು.”

“ಹಂಗಾದ್ರೆ ಐವತ್ತು ಕಿಲೋಮೀಟರ್‌ಗೆ ಎಂಟುನೂರ ಐವತ್ತು.”

“ಅಷ್ಟೊತ್ತಿಗೆ ಕೂಸು ಹುಟ್ಟಿ ನಾಮಕರಣನೂ ಆಗಿರ್ತದೆ ಬಿಡಿ.”

ಗುರುಸಿದ್ದಮ್ಮ ನಗಲಿಲ್ಲ. “ಕಾರು ನಿಲ್ಸಿ,” ಎಂದಳು. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು. “ಲಕ್ಕಪ್ಪ, ನಿನ್ನ ಮೊಪೆಡ್ ಹಿಂದೆ ಕೂತ್ಕತೀನಿ. ಹುಲಿಕೆರೆಗೆ ಬಿಡಪ್ಪ. ಕೇಳಿದೋರಿಗೆ, ಯಜಮಾನ್ರು ಕಾರಲ್ಲಿ ರಾಗಿ ಒಕ್ತಾ ಅವ್ರೆ ಅಂತೀನಿ.”

ಲಕ್ಕಪ್ಪ ಗಾಬರಿಯಿಂದ ಷಡಕ್ಷರಪ್ಪನ ಮುಖ ನೋಡಿದ. ಷಡಕ್ಷರಪ್ಪ ಹೆಂಡತಿಯ ಕಾಲನ್ನೂ ಟೈರನ್ನೂ ಒಂದು ಸಲ ನೋಡಿದ.

“ಕಾಲು ಒಳಗೆ ತಗಳೇ,” ಎಂದ.

ಕಾರು ನಿಧಾನವಾಗಿ ಹುಲಿಕೆರೆ ಸೇರಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಬಸುರಿ ಹುಡುಗಿ ಬರಿಗೈಯಲ್ಲಿ ಹಸೆಯ ಮೇಲೆ ಕೂತಿದ್ದಳು; ಬಳೆಯ ತಟ್ಟೆಯನ್ನು ಅಕ್ಕ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಗುರುಸಿದ್ದಮ್ಮ ಮೊದಲ ಹಸಿರು ಬಳೆ ಏರಿಸಿದಳು.

ಅಕ್ಕ ಅವಳ ಕೈ ಹಿಡಿದುಕೊಂಡಳು. “ಇನ್ನೇನೂ ಬಾಕಿ ಇಲ್ಲ ಕಣೇ.”

“ಒಂದೈತೆ ಕಣಕ್ಕ. ಅವರಿಗೊಂದು ಬಕೆಟ್ ನೀರು, ಸೋಪು ಹೊರಗೆ ಕಳಿಸು. ಟೈರು ತೊಳೆಯೋಗಂಟ ಅವ್ರು ಊಟಕ್ಕೆ ಬರಲ್ಲ.”