ಅಮ್ಮನ ಕೈ

ಬಿಳಿ ಫ್ರಾಕಿನ ಬೆನ್ನ ಮೇಲಿನ ರಿಬ್ಬನ್ ಸಡಿಲವಾಗಿದೆ, ಬಿಗಿ ಮಾಡಬೇಕು, ಚರ್ಚಿನಲ್ಲಿ ಮೊದಲ ಪರಮಪ್ರಸಾದ ತಗೊಳ್ಳುವ ದಿನದ ಫೋಟೋ, ಜನ್ಮಪೂರ್ತಿ ಗೋಡೆಯ ಮೇಲಿರುತ್ತದೆ — ಅಯ್ಯೋ, ವರ್ಷಿಣಿ ಯಾಕೆ ಕೈ ಹಿಂದೆ ಕಟ್ಟಿಕೊಂಡಿದ್ದಾಳೆ, ಸಾಲಿನಲ್ಲಿ ಎಲ್ಲ ಮಕ್ಕಳೂ ಕೈ ಜೋಡಿಸಿ ನಿಂತಿದ್ದಾರೆ, ನನ್ನ ಮಗಳೊಬ್ಬಳೇ ಹೀಗೆ, ಮತ್ತು ಆ ಬೆರಳುಗಳು, ಕೆಂಪಗೆ, ಗಿಣ್ಣುಗಳ ಮೇಲೆ ಚರ್ಮ ತರಚಿ — ಬೆಳಿಗ್ಗೆ ಹೂಟಗಳ್ಳಿಯ ಮನೆಯಲ್ಲಿ ಬಚ್ಚಲ ನಲ್ಲಿ ಸುರಿಯುತ್ತಲೇ ಇತ್ತು, ನಾನು ಕೂಗಿದೆ, ನೀರೇನು ನಿಮ್ಮಪ್ಪ ಹೊತ್ಕೊಂಡ್ ಬರ್ತಾನೇನೇ, ಸಿಂಕಿನಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ಇರಲಿಲ್ಲ, ಎಲ್ಲಿ ಹೋಯಿತೋ ಎಂದು ಗೊಣಗಿದೆ, ಅಷ್ಟೇ, ಬಸ್ಸಿಗೆ ಹೊತ್ತಾಗಿತ್ತು. ನಾರು. ಅವಳ ಕಿವಿಗೆ ಬಗ್ಗುತ್ತೇನೆ, ಏನಾಯ್ತೇ ಕೈಗೆ, ತಿರುಗದೆಯೇ ಹೇಳುತ್ತಾಳೆ, ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ಕಣಮ್ಮ, ನಿನ್ ಕೈ ಥರಾನೇ ಅಲ್ವಾ ನಂದೂ.

ನನ್ನ ಕೈ ಥರ. ನೀಳ ಬೆರಳು, ನೂಲಿನಂತೆ ಸೀರೆ ತಾಯಿಯಂತೆ ಮಗಳು ಎಂದು ನೆಂಟರು ಹೇಳಿದಾಗಲೆಲ್ಲ ಬೀಗಿದವಳು ನಾನೇ, ಭಾನುವಾರ ಎಲ್ಲರೂ ಪ್ರಸಾದಕ್ಕೆ ಎದ್ದಾಗ ಬೆಂಚಿನಲ್ಲೇ ಉಳಿಯುತ್ತಿದ್ದವಳೂ ನಾನೇ, ನೀನ್ಯಾಕಮ್ಮ ಹೋಗಲ್ಲ, ನನ್ ಕೈ ಸರಿ ಇಲ್ಲ ಮಗ — ಪ್ರತಿ ಸಲವೂ ಅದೊಂದೇ ಉತ್ತರ. ಆಸ್ಪತ್ರೆಯಲ್ಲಿ ಅವ್ವ ನನ್ನ ಕೈ ಹಿಡಿದೇ ಮಲಗಿದ್ದಳು, ದಿನಗಟ್ಟಲೆ ನಿದ್ದೆಗೆಟ್ಟಿದ್ದೆ, ಕಣ್ಣು ಹತ್ತಿಬಿಟ್ಟಿತು, ಎಚ್ಚರಾದಾಗ ಅವಳ ಕೈ ನನ್ನ ಕೈಯಿಂದ ಜಾರಿ ಮಂಚದಿಂದ ಕೆಳಗೆ ನೇತಾಡುತ್ತಿತ್ತು, ತಣ್ಣಗೆ. ಪಾಪನಿವೇದನೆಗೆ ಹೋದಾಗಲೆಲ್ಲ ಅದೇ ಕಥೆ, ಕೊನೆಗೆ ಚರ್ಚಿನ ಸ್ವಾಮಿಯವರೇ ಬೇಸತ್ತು, ನಿದ್ದೆ ಪಾಪ ಅಲ್ಲ ಕಣಮ್ಮ, ದೇವರು ತಪ್ಪು ತೋರಿಸಿದ್ರೆ ಇಂಥದ್ದು ಅಂತ ತೋರಿಸ್ತಾನೆ, ಎದ್ದು ಸರಿಮಾಡು ಅಂತಾನೆ, ಸುಮ್ನೆ ಚುಚ್ತಾನೇ ಇರೋನು ಅವನಲ್ಲ, ಎಂದಿದ್ದರು. ಈಗಿನ ಸ್ವಾಮಿಗಳಿಗೆ ಎಲ್ಲವೂ ಸಲೀಸು ಎಂದುಕೊಂಡೆ, ನನ್ನ ಕೊರಗೇ ದೊಡ್ಡ ಭಕ್ತಿ ಎಂದುಕೊಂಡೆ, ಥೂ, ಎಂಥ ಭಕ್ತಿ, ಮಗು ಪಾತ್ರೆಯ ನಾರಿನಲ್ಲಿ ತನ್ನ ಕೈ ತಿಕ್ಕಿಕೊಂಡಿದೆ.

ಸಾಲು ಸರಿಯಿತು, ಮುಂದೆ ಯಾರೂ ಇಲ್ಲ, ಇಷ್ಟು ವರ್ಷ ಒಳಗೆ ಕೂಗಾಡುತ್ತಿದ್ದ ದನಿ ಬಾಯಿ ಮುಚ್ಚಿಕೊಂಡಿದೆ, ಬೇರೊಂದು ಮಾತ್ರ, ಮೆಲ್ಲಗೆ, ಬೈಯದೆ, ನಿನ್ನ ತಪ್ಪು ಆ ನಿದ್ದೆಯಲ್ಲ, ಇದು, ಇದೊಂದು, ಈಗಲೇ ಸರಿಮಾಡು — ಕ್ರಿಸ್ತನ ಶರೀರ, ಎನ್ನುತ್ತ ಸ್ವಾಮಿಯವರು ಪ್ರಸಾದ ಎತ್ತಿ ಹಿಡಿದಿದ್ದಾರೆ, ವರ್ಷಿಣಿ ಕದಲುವುದಿಲ್ಲ, ಪಕ್ಕದಿಂದ ಗಂಡ ರಾಜೇಶ್ ಗದರುತ್ತಾನೆ, ಕೈ ಮುಂದೆ ತಗೊಳೇ, ಬೈಬೇಡ್ರೀ ಅವಳನ್ನ, ಅವಳ ಹೆಗಲ ಮೇಲಿಂದ ನಾನೇ ಚಾಚಿದೆ, ಅವ್ವನ ಕೈ ಜಾರಿದ ಇದೇ ಕೈ, ನೋಡು ಮಗ, ನನ್ ಕೈಗೆ ಏನೂ ಆಗಿರ್ಲಿಲ್ಲ ಕಣೇ, ಸುಳ್ಳು ಹೇಳ್ಬುಟ್ಟೆ ನಿಂಗೆ, ಅಂಗೈ ಮೇಲೆ ಬಿಳಿ ತುಣುಕು ಬಂದು ಕೂತಿತು, ಆಮೆನ್ ಎಂದೆನೋ ಇಲ್ಲವೋ, ಅವಳು ತಲೆಯೆತ್ತಿ ನನ್ನ ಅಂಗೈ ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ, ಈಗ ಕೈ ಮುಂದೆ ತರುತ್ತಾಳೆ, ಈಗ — ರಿಬ್ಬನ್ನಿನ ಮೇಲೆ ಆ ಕೆಂಪು ಬೆರಳುಗಳು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡೇ ಇವೆ.